ಸಹಿ ಹಾಕಿದ ಮೇಲೆ ಏನಾಗುತ್ತದೆ? ಮಹಿಳಾ ಹಕ್ಕಿನ ಒಪ್ಪಂದ ಮನೆಯ ಕಾನೂನಾಗುವ ದಾರಿ

ಟಾಂಜಾನಿಯಾದ ಹೊಲಾರಿಯಾ ಪಾಸ್ಟರಿ ಎಂಬ ಮಹಿಳೆಗೆ ಅಪ್ಪ ಉಯಿಲು ಬರೆದು ಜಮೀನು ಬಿಟ್ಟುಹೋಗಿದ್ದರು. ಆಕೆಗೆ ವಯಸ್ಸಾಯಿತು. ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಜಮೀನು ಮಾರಿದರು. ಕೂಡಲೇ ಮನೆತನದ ಸಂಬಂಧಿಕನೊಬ್ಬ ಕೋರ್ಟಿಗೆ ಹೋದ. ಹಾಯಾ ಸಮುದಾಯದ ಕಟ್ಟಳೆ ಪ್ರಕಾರ ಹೆಣ್ಣು ಕುಲದ ಜಮೀನನ್ನು ಅನುಭವಿಸಬಹುದು, ಮಾರುವ ಹಾಗಿಲ್ಲ ಎನ್ನುವುದು ಅವನ ವಾದ. 1990ರಲ್ಲಿ ಟಾಂಜಾನಿಯಾದ ಹೈಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ಗಂಡಸಿಗೆ ಮಾರುವ ಹಕ್ಕಿದ್ದರೆ ಹೆಂಗಸಿಗೂ ಇದೆ ಎಂದಿತು. ಹಾಗೆ ಹೇಳುವಾಗ ದೇಶ ಒಪ್ಪಿಕೊಂಡಿದ್ದ ಮಹಿಳಾ ಹಕ್ಕಿನ ಅಂತರರಾಷ್ಟ್ರೀಯ ಒಪ್ಪಂದವನ್ನೂ ಎತ್ತಿಕೊಂಡಿತು.

ಅಲ್ಲಿಂದ ಹೆಚ್ಚು ದೂರವಿಲ್ಲದ ಜಿಂಬಾಬ್ವೆಯಲ್ಲಿ ವೆನಿಯಾ ಮಗಾಯಾ ಮನೆಯ ಹಿರಿಮಗಳು. ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ಕೆಳಗಿನ ಕೋರ್ಟು ಮೊದಲು ಆಕೆಯನ್ನೇ ವಾರಸುದಾರಳು ಎಂದಿತು. ಆಮೇಲೆ ಮಲತಮ್ಮ ತಕರಾರು ಎತ್ತಿದ. ಮನೆ ಅವನ ಪಾಲಾಯಿತು, ಅಕ್ಕ ಹೊರಗೆ ಬಿದ್ದಳು. 1999ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೂಡ ಅವನ ಪರವೇ ನಿಂತಿತು. ಸಾಂಪ್ರದಾಯಿಕ ಕಟ್ಟಳೆಯಲ್ಲಿ ಗಂಡುಮಗನೇ ಮುಂದು, ಹಾಗಾಗಿ ಹಿರಿಯಳಾದರೂ ಮಗಳಿಗೆ ಇಲ್ಲ ಎಂದಿತು.

ಎರಡೂ ದೇಶಗಳು ಒಪ್ಪಿಕೊಂಡಿದ್ದು ಒಂದೇ ಒಪ್ಪಂದವನ್ನು. ಟಾಂಜಾನಿಯಾ 1985ರಲ್ಲಿ, ಜಿಂಬಾಬ್ವೆ 1991ರಲ್ಲಿ. ಹಾಗಿದ್ದರೂ ಒಬ್ಬಳಿಗೆ ಜಮೀನಿನ ಹಕ್ಕು ಉಳಿಯಿತು, ಇನ್ನೊಬ್ಬಳಿಗೆ ಮನೆ ಹೋಯಿತು. ಇದು ಹೇಗೆ?

ಉತ್ತರ ಇದ್ದಿದ್ದು ಒಪ್ಪಂದದಲ್ಲಿ ಅಲ್ಲ, ಆಯಾ ದೇಶದ ಸಂವಿಧಾನದಲ್ಲಿ. ಟಾಂಜಾನಿಯಾ 1984ರಲ್ಲಿ ತನ್ನ ಸಂವಿಧಾನಕ್ಕೆ ಮೂಲಭೂತ ಹಕ್ಕುಗಳನ್ನು ಸೇರಿಸಿತ್ತು. ಹಳೇ ಕಟ್ಟಳೆಗಳನ್ನು ಆ ಹಕ್ಕಿನ ತಕ್ಕಡಿಯಲ್ಲಿಟ್ಟು ತೂಗಲು ನ್ಯಾಯಾಧೀಶರಿಗೆ ದಾರಿ ಇತ್ತು. ಜಿಂಬಾಬ್ವೆಯ ಸಂವಿಧಾನದ 23ನೇ ಕಲಂ ತಾರತಮ್ಯ ಬೇಡ ಎಂದು ಹೇಳಿ, ಅದರ ಕೆಳಗೇ ಸಾಂಪ್ರದಾಯಿಕ ಕಾನೂನಿಗೆ ವಿನಾಯಿತಿ ಕೊಟ್ಟಿತ್ತು. ಜಗತ್ತಿನ ಮುಂದೆ ಕೊಟ್ಟ ಮಾತು ಆ ಒಂದು ಉಪಕಲಂನ ಬಾಗಿಲಲ್ಲೇ ನಿಂತುಹೋಯಿತು. 2013ರ ಹೊಸ ಸಂವಿಧಾನದಲ್ಲಿ ಆ ವಿನಾಯಿತಿ ತೆಗೆದರು.

ನಾನು ಈ ಎರಡು ಕೇಸುಗಳಿಂದ ಶುರುಮಾಡಿದ್ದಕ್ಕೆ ಕಾರಣವಿದೆ. ಮಹಿಳಾ ಹಕ್ಕು ಅಂದಾಗ ನಾವು ಯಾವ ದೇಶ ಯಾವಾಗ ಸಹಿ ಹಾಕಿತು, ಹೊಸ ಕಾನೂನು ಯಾವಾಗ ಬಂತು ಎಂದು ಕೇಳುತ್ತೇವೆ. ಕೇಳಲೇಬೇಕು. ಆದರೆ ಹೆಣ್ಣುಮಗಳೊಬ್ಬಳ ಬದುಕು ಬದಲಾಗುವುದು ಕಾನೂನಿನ ಒಳಗಡೆ, ಯಾರೂ ಓದದ ಸಾಲುಗಳಲ್ಲಿ. ದೂರನ್ನು ಯಾರು ತಗೊಳ್ಳಬೇಕು, ಎಷ್ಟು ದಿನದೊಳಗೆ, ಖರ್ಚು ಯಾರದು, ಮಾಡದಿದ್ದರೆ ಯಾರ ಮೇಲೆ ಕ್ರಮ. ಇವಿಷ್ಟು ಇಲ್ಲದ ಕಾನೂನು, ಸಹಿಯ ಇನ್ನೊಂದು ಪ್ರತಿ ಅಷ್ಟೇ.

ಒಪ್ಪಂದ ಅಂದರೆ ಮುಖ್ಯವಾಗಿ ಸೀಡಾ. ಮಹಿಳೆಯರ ಮೇಲಿನ ಎಲ್ಲ ಬಗೆಯ ತಾರತಮ್ಯ ತೆಗೆದುಹಾಕುವ ಒಪ್ಪಂದ. ವಿಶ್ವಸಂಸ್ಥೆಯ ಮಹಾಸಭೆ ಇದನ್ನು 1979ರ ಡಿಸೆಂಬರ್ 18ರಂದು ಅಂಗೀಕರಿಸಿತು. 1981ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಈಗ 189 ದೇಶಗಳು ಇದರಲ್ಲಿವೆ. ಅಮೆರಿಕ 1980ರಲ್ಲಿ ಸಹಿ ಹಾಕಿತು, ಅನುಮೋದನೆ, ಅಂದರೆ ಇದಕ್ಕೆ ಬದ್ಧರಾಗುತ್ತೇವೆ ಎನ್ನುವ ಅಂತಿಮ ಒಪ್ಪಿಗೆ, ಮಾತ್ರ ಇವತ್ತಿಗೂ ಕೊಟ್ಟಿಲ್ಲ. ಇರಾನ್, ಸೊಮಾಲಿಯಾ ಸೇರಿಲ್ಲ. ಒಪ್ಪಂದದ 2ನೇ ವಿಧಿ ಸರ್ಕಾರಗಳಿಗೆ ನೇರವಾಗಿ ಕೆಲಸ ಹಚ್ಚುತ್ತದೆ. ಸಮಾನತೆಯನ್ನು ಸಂವಿಧಾನದಲ್ಲಿ, ಕಾನೂನಿನಲ್ಲಿ ಬರೆಯಿರಿ. ತಾರತಮ್ಯ ಮಾಡುವ ಹಳೇ ಕಾನೂನು ತೆಗೆಯಿರಿ. ಸರ್ಕಾರ ಮಾತ್ರ ಅಲ್ಲ, ಖಾಸಗಿ ಜನ ಮತ್ತು ಕಂಪನಿಗಳು ಮಾಡುವ ತಾರತಮ್ಯವನ್ನೂ ತಡೆಯಿರಿ. ಈ ಕೊನೆಯ ಮಾತು ದೊಡ್ಡದು. ಹೆಣ್ಣಿನ ಮೇಲಿನ ಅನ್ಯಾಯ ಜಾಸ್ತಿ ನಡೆಯುವುದು ಮನೆಯೊಳಗೆ, ಕೆಲಸದ ಜಾಗದಲ್ಲಿ ಅಲ್ವಾ?

ಸಹಿಯಾದ ಒಪ್ಪಂದ ದೇಶದೊಳಗೆ ಬರುವುದಕ್ಕೆ ಸ್ಥೂಲವಾಗಿ ಎರಡು ದಾರಿ. ಕೆಲವು ದೇಶಗಳಲ್ಲಿ ಅನುಮೋದನೆ ಆದ ತಕ್ಷಣ ಒಪ್ಪಂದವೇ ಕಾನೂನಿನ ಭಾಗವಾಗುತ್ತದೆ. ಸ್ಪೇನ್ ಹಾಗೆ. ನೇಪಾಳದಲ್ಲೂ 1990ರ ಒಪ್ಪಂದ ಕಾಯ್ದೆಯ ಪ್ರಕಾರ, ದೇಶದ ಕಾನೂನು ಮತ್ತು ಒಪ್ಪಂದ ಪರಸ್ಪರ ವಿರುದ್ಧವಾದರೆ ಒಪ್ಪಂದದ ಮಾತೇ ನಡೆಯುತ್ತದೆ. ಭಾರತ, ಬ್ರಿಟನ್ ತರಹದ ದೇಶಗಳಲ್ಲಿ ಹಾಗಿಲ್ಲ. ಸಂಸತ್ತು ಬೇರೆ ಕಾನೂನು ಮಾಡಬೇಕು. ಭಾರತದ ಸಂವಿಧಾನದ 253ನೇ ವಿಧಿ ಒಪ್ಪಂದ ಜಾರಿಗೆ ತರಲು ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಮಾಡುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಅಧಿಕಾರ ಕೊಟ್ಟಿದೆ, ಗಡುವು ಕೊಟ್ಟಿಲ್ಲ.

ಇದರ ಜೊತೆಗೆ ಷರತ್ತುಗಳ ವಿಷಯವಿದೆ. ಒಪ್ಪಂದಕ್ಕೆ ಸೇರುವಾಗ ದೇಶಗಳು "ಇಷ್ಟು ಭಾಗಕ್ಕೆ ನಾವು ಬದ್ಧರಲ್ಲ" ಎಂದು ಬರೆದುಕೊಡಬಹುದು. ಒಪ್ಪಂದದ ಮೂಲ ಉದ್ದೇಶಕ್ಕೇ ಕೊಡಲಿ ಹಾಕುವ ಷರತ್ತು ಹಾಕುವ ಹಾಗಿಲ್ಲ ಎಂದು 28ನೇ ವಿಧಿ ಹೇಳುತ್ತದೆ. ಆದರೂ ಮದುವೆ, ಕುಟುಂಬ, ಆಸ್ತಿ ವಿಷಯದ 16ನೇ ವಿಧಿಗೆ ಸಾಲುಸಾಲು ಷರತ್ತು ಬಿದ್ದಿವೆ. ಭಾರತ 1980ರಲ್ಲಿ ಸಹಿ ಹಾಕಿ 1993ರಲ್ಲಿ ಅನುಮೋದಿಸಿತು. ಆಗ, ಯಾವುದೇ ಸಮುದಾಯದ ವೈಯಕ್ತಿಕ ವಿಷಯಗಳಲ್ಲಿ ಆ ಸಮುದಾಯವೇ ಮುಂದೆ ಬಂದು ಒಪ್ಪದ ಹೊರತು ಕೈಹಾಕುವುದಿಲ್ಲ ಎಂದು ಘೋಷಿಸಿತು. ಇಲ್ಲಿ ಸಮುದಾಯದ ಪರವಾಗಿ ಒಪ್ಪಿಗೆ ಕೊಡುವವರು ಯಾರು? ಆ ಸಮುದಾಯದ ಹೆಂಗಸರನ್ನು ಕೇಳುವವರು ಯಾರು? ಈ ಪ್ರಶ್ನೆ ನನ್ನನ್ನು ತುಂಬಾ ಕಾಡುತ್ತದೆ. ಮನೆಯೊಳಗಿನ ತಾರತಮ್ಯ ತಡೆಯಲು ಮಾಡಿದ ಒಪ್ಪಂದವನ್ನು ಮನೆಯ ಹೊಸ್ತಿಲ ಹೊರಗೇ ನಿಲ್ಲಿಸಿದಂತೆ ಆಗುತ್ತದೆ. ಟ್ಯುನೀಷಿಯಾ ಇಂಥ ಷರತ್ತುಗಳನ್ನು 2014ರಲ್ಲಿ ಅಧಿಕೃತವಾಗಿ ವಾಪಸ್ ತಗೊಂಡಿತು. 2017ರಲ್ಲಿ ಮಹಿಳೆಯರ ಮೇಲಿನ ಹಿಂಸೆ ವಿರುದ್ಧ ಸಮಗ್ರ ಕಾನೂನು ತಂದಿತು. ಅಂದರೆ ಷರತ್ತು ಅನ್ನುವುದು ಕಲ್ಲಿನ ಮೇಲಿನ ಬರಹವಲ್ಲ.

ಸಂಸತ್ತು ಸುಮ್ಮನಿದ್ದಾಗ ಕೋರ್ಟು ಏನು ಮಾಡಬಹುದು ಎನ್ನುವುದಕ್ಕೆ ಭಾರತದ ವಿಶಾಖ ತೀರ್ಪು ಜಗತ್ತಿಗೇ ಗೊತ್ತಿರುವ ಉದಾಹರಣೆ. ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿ ಭಂವರಿ ದೇವಿ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ 'ಸಾಥಿನ್', ಅಂದರೆ ಹಳ್ಳಿ ಮಟ್ಟದ ಕಾರ್ಯಕರ್ತೆ ಆಗಿ ಕೆಲಸ ಮಾಡುತ್ತಿದ್ದರು. ಬಾಲ್ಯವಿವಾಹ ತಡೆಯಲು ಹೋಗಿದ್ದು ಅವರ ಕೆಲಸದ ಭಾಗ. ಅದಕ್ಕೆ ಸೇಡಾಗಿ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಕೆಲಸ ಮಾಡಿದ್ದಕ್ಕೇ ಹೀಗಾದರೆ ಕೆಲಸ ಕೊಟ್ಟವರ ಹೊಣೆ ಏನು ಎಂದು ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟ್‌ಗೆ ಹೋದವು. ಆಗ ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ ಅಂತಲೇ ಒಂದು ಕಾನೂನು ದೇಶದಲ್ಲಿ ಇರಲಿಲ್ಲ. 1997ರ ಆಗಸ್ಟ್ 13ರಂದು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಪೀಠ ಒಂದು ದಾರಿ ಹುಡುಕಿತು. ದೇಶದ ಕಾನೂನು ಮೌನವಾಗಿರುವ ಕಡೆ, ಅದಕ್ಕೆ ವಿರುದ್ಧವಾಗಿಲ್ಲದಿದ್ದರೆ, ಅಂತರರಾಷ್ಟ್ರೀಯ ಒಪ್ಪಂದವನ್ನು ಮೂಲಭೂತ ಹಕ್ಕುಗಳ ಜೊತೆ ಸೇರಿಸಿ ಓದಬಹುದು ಎಂದಿತು. ಸೀಡಾದ ಕೆಲಸದ ಹಕ್ಕಿನ 11ನೇ ವಿಧಿಯನ್ನು ಎತ್ತಿಕೊಂಡಿತು. ತಾನೇ ಮಾರ್ಗಸೂಚಿ ಬರೆದು, ಕಾನೂನು ಬರುವ ತನಕ ಇದೇ ಕಾನೂನು ಎಂದಿತು.

ಕಾನೂನು ಬಂದಿದ್ದು 2013ರಲ್ಲಿ. ಹದಿನಾರು ವರ್ಷ! ಕಾಯ್ದೆಯ ಪೀಠಿಕೆಯಲ್ಲಿ ಸೀಡಾದ ಹೆಸರಿದೆ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಆಂತರಿಕ ದೂರು ಸಮಿತಿ ಇರಬೇಕು. ಹಿರಿಯ ಮಹಿಳಾ ಉದ್ಯೋಗಿ ಅಧ್ಯಕ್ಷೆ, ಅರ್ಧದಷ್ಟಾದರೂ ಮಹಿಳೆಯರು, ಹೊರಗಿನಿಂದ ಒಬ್ಬ ಸದಸ್ಯರು. ವಿಚಾರಣೆ 90 ದಿನದೊಳಗೆ ಮುಗಿಯಬೇಕು. ಸಮಿತಿ ಮಾಡದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ. ಚಿಕ್ಕ ಜಾಗಗಳಲ್ಲಿ, ಮನೆಗೆಲಸದಲ್ಲಿ ಇರುವವರಿಗೆ ಜಿಲ್ಲೆಗೊಂದು ಸ್ಥಳೀಯ ಸಮಿತಿ. ಓದಿದರೆ ಅಚ್ಚುಕಟ್ಟಾದ ಕಾನೂನು. ಯಾರು, ಎಷ್ಟು ದಿನ, ಎಷ್ಟು ದಂಡ, ಎಲ್ಲವೂ ಇದೆ.

ಹಿಂದೊಮ್ಮೆ ಬೇರೆ ಯಾವುದೋ ಕೆಲಸಕ್ಕೆ ಒಂದು ಕಚೇರಿಗೆ ಹೋಗಿದ್ದೆ. ಕಾಯುತ್ತಾ ಕೂತಾಗ ಗೋಡೆಯ ಮೇಲೆ ಈ ಸಮಿತಿಯ ಪಟ್ಟಿ ಕಾಣಿಸಿತು. ಲ್ಯಾಮಿನೇಟ್ ಮಾಡಿದ ಹಾಳೆ, ಅಂಚು ಹಳದಿಗೆ ತಿರುಗಿತ್ತು. ಐದು ಹೆಸರು. ಅಧ್ಯಕ್ಷೆಯ ಹೆಸರು ತೋರಿಸಿ ಕೇಳಿದೆ. "ಮೇಡಂ ರಿಟೈರ್ ಆಗಿ ಎರಡು ವರ್ಷ ಆಯ್ತಲ್ಲ" ಎಂದರು ಎದುರು ಕೂತಿದ್ದವರು. ಹೊರಗಿನ ಸದಸ್ಯರ ಮುಂದೆ ಒಂದು ಫೋನ್ ನಂಬರ್ ಇತ್ತು. ಎಣಿಸಿದೆ, ಒಂಬತ್ತೇ ಅಂಕಿ. ಹಾಳೆ ಅಂಟಿಸಿದ ದಿನದಿಂದ ಆ ನಂಬರಿಗೆ ಯಾರೂ ಫೋನ್ ಮಾಡಲು ಆಗಿರಲಿಲ್ಲ, ಆಗುವಂತೆಯೂ ಇರಲಿಲ್ಲ. ಅಲ್ಲಿ ಕೆಲಸ ಮಾಡುವ ಯಾವುದೋ ಹುಡುಗಿ ಒಂದು ದಿನ ಧೈರ್ಯ ಮಾಡಿ ಆ ಗೋಡೆಯ ಮುಂದೆ ಬಂದು ನಿಂತಿದ್ದರೆ? ಆ ಯೋಚನೆ ನನ್ನನ್ನು ಬಹಳ ದಿನ ಬಿಡಲಿಲ್ಲ. ಇದು ಒಂದು ಕಚೇರಿಯ ಕಥೆ ಮಾತ್ರ ಅಲ್ಲ. ಕಾಯ್ದೆ ಬಂದು ಹತ್ತು ವರ್ಷ ಆಗುತ್ತಿದ್ದಾಗ, 2023ರ ಮೇ ತಿಂಗಳಲ್ಲಿ, ಸುಪ್ರೀಂ ಕೋರ್ಟ್ ಜಾರಿಯಲ್ಲಿ ಗಂಭೀರ ಲೋಪಗಳಿವೆ ಎಂದು ಹೇಳಿ, ಸಮಿತಿಗಳು ನಿಜವಾಗಿ ಇವೆಯಾ ಎಂದು ನೋಡಲು ಸರ್ಕಾರಗಳಿಗೆ ಸೂಚಿಸಬೇಕಾಯಿತು.

ಮಾಡದಿದ್ದರೆ ದಂಡ ಎಂದು ಬರೆದರೆ ಸಾಲದು. ಮಾಡಿಲ್ಲ ಎಂದು ಪತ್ತೆ ಹಚ್ಚುವವರು ಬೇಕು. ಐಸ್‌ಲ್ಯಾಂಡ್ ಸಮಾನ ವೇತನದ ವಿಷಯದಲ್ಲಿ ಇದನ್ನು ತಲೆಕೆಳಗು ಮಾಡಿ ನೋಡಿತು. ಸಮಾನ ಕೆಲಸಕ್ಕೆ ಸಮಾನ ವೇತನ ಎನ್ನುವುದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1951ರ 100ನೇ ಒಪ್ಪಂದದಷ್ಟು ಹಳೆಯದು. ಎಷ್ಟೋ ಕಡೆ ಕಾನೂನಿದೆ. ಆದರೆ ಸಂಬಳ ಕಡಿಮೆ ಸಿಗುತ್ತಿದೆ ಎಂದು ತೋರಿಸುವ ಕಷ್ಟ ಹೆಣ್ಣಿನದೇ ಆಗಿರುತ್ತದೆ. ಪಕ್ಕದವರ ಸಂಬಳದ ಚೀಟಿ ಅವಳ ಕೈಗೆ ಎಲ್ಲಿಂದ ಬರಬೇಕು? 2018ರ ಜನವರಿಯಿಂದ ಐಸ್‌ಲ್ಯಾಂಡ್‌ನಲ್ಲಿ ಜಾರಿಗೆ ಬಂದ ನಿಯಮದಲ್ಲಿ, 25 ಅಥವಾ ಅದಕ್ಕಿಂತ ಜಾಸ್ತಿ ಉದ್ಯೋಗಿಗಳಿರುವ ಸಂಸ್ಥೆಯೇ ತಾನು ತಾರತಮ್ಯ ಮಾಡುತ್ತಿಲ್ಲ ಎಂದು ತೋರಿಸಿ ಪ್ರಮಾಣಪತ್ರ ತಗೊಳ್ಳಬೇಕು. ಹೆಣ್ಣು ದೂರು ಕೊಡುವ ತನಕ ಕಾಯುವುದಿಲ್ಲ. ಕೇಳಲು ಚಿಕ್ಕ ಬದಲಾವಣೆ. ನನಗಂತೂ ಈ ಇಡೀ ವಿಷಯದಲ್ಲಿ ಕಂಡ ಬುದ್ಧಿವಂತಿಕೆಯ ಹೆಜ್ಜೆಗಳಲ್ಲಿ ಇದು ಒಂದು.

ದುಡ್ಡಿನ ಸಾಲಿಗೆ ಬರೋಣ. ಹೆರಿಗೆ ರಜೆಯನ್ನು ನೋಡಿ. ಕಾರ್ಮಿಕ ಸಂಸ್ಥೆಯ 2000ದ ಹೆರಿಗೆ ರಕ್ಷಣೆ ಒಪ್ಪಂದ ಕನಿಷ್ಠ 14 ವಾರ ಎನ್ನುತ್ತದೆ. ಭಾರತ ಆ ಒಪ್ಪಂದಕ್ಕೆ ಸೇರಿಲ್ಲ, ಆದರೆ 2017ರ ತಿದ್ದುಪಡಿಯಲ್ಲಿ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. ಸಂಖ್ಯೆ ನೋಡಿದರೆ ಒಪ್ಪಂದಕ್ಕಿಂತ ಎಷ್ಟೋ ಮುಂದೆ. ಅದು ತಾಯಂದಿರಿಗೆ ನಿಜವಾದ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಒಪ್ಪಂದದ 6ನೇ ವಿಧಿಯಲ್ಲಿ ಇನ್ನೊಂದು ಮಾತಿದೆ. ರಜೆಯ ಅವಧಿಯ ಹಣವನ್ನು ಸಾಮಾಜಿಕ ವಿಮೆಯಿಂದಲೋ ಸರ್ಕಾರದ ನಿಧಿಯಿಂದಲೋ ಕೊಡಬೇಕು, ಒಬ್ಬೊಬ್ಬ ಮಾಲೀಕನ ತಲೆಗೆ ನೇರವಾಗಿ ಕಟ್ಟಬಾರದು. ಕಾರಣವನ್ನೂ ಅಲ್ಲೇ ಬರೆದಿದ್ದಾರೆ: ದುಡಿಮೆಯ ಮಾರುಕಟ್ಟೆಯಲ್ಲಿ ಹೆಣ್ಣಿನ ಜಾಗ ಉಳಿಯಬೇಕು ಎಂದು. ಭಾರತದಲ್ಲಿ ಇಎಸ್‌ಐ ವ್ಯಾಪ್ತಿಯಲ್ಲಿರುವವರಿಗೆ ವಿಮಾ ನಿಧಿಯಿಂದ ಹಣ ಬರುತ್ತದೆ. ಉಳಿದವರಿಗೆ ಪೂರ್ತಿ ಸಂಬಳ ಮಾಲೀಕರೇ ಕೊಡಬೇಕು. ಐವತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ ಶಿಶುಪಾಲನಾ ಕೇಂದ್ರದ ಖರ್ಚೂ ಅವರದೇ. ಆಗ ಏನಾಗುತ್ತದೆ? ಸಂದರ್ಶನಕ್ಕೆ ಬಂದ ಹೊಸದಾಗಿ ಮದುವೆಯಾದ ಹುಡುಗಿಯನ್ನು ನೋಡಿ ಚಿಕ್ಕ ಕಂಪನಿಯ ಮಾಲೀಕ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. ಕೆಲಸ ಕೊಡುವುದಿಲ್ಲ. ಕಾರಣ ಬೇರೆ ಏನೋ ಹೇಳುತ್ತಾನೆ. ಅದು ಯಾವ ದಾಖಲೆಗೂ ಸಿಗುವುದಿಲ್ಲ. ಒಳ್ಳೆಯ ಉದ್ದೇಶದ ಕಾನೂನು, ಖರ್ಚು ಯಾರದು ಎನ್ನುವ ಒಂದು ಸಾಲಿನಿಂದ ತಾನು ಕಾಪಾಡಬೇಕಾದವರಿಗೇ ಅಡ್ಡ ಬರುತ್ತದೆ.

ಬ್ರೆಜಿಲ್‌ನಲ್ಲಿ ಪಾಠ ಕಲಿಯಲು ಹೊರಗಿನ ಒತ್ತಡ ಬೇಕಾಯಿತು. ಮರಿಯಾ ದಾ ಪೆನ್ಹಾ ಔಷಧ ತಜ್ಞೆ. 1983ರಲ್ಲಿ ಮಲಗಿದ್ದಾಗ ಗಂಡ ಗುಂಡು ಹಾರಿಸಿದ. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮತ್ತೆ ಕೊಲ್ಲಲು ನೋಡಿದ. ಕೇಸು ಸುಮಾರು ಎರಡು ದಶಕ ಎಳೆಯಿತು. 2001ರಲ್ಲಿ ಅಮೆರಿಕ ಖಂಡಗಳ ಮಾನವ ಹಕ್ಕು ಆಯೋಗ, ಇಂಥ ಹಿಂಸೆಯನ್ನು ಸಹಿಸಿಕೊಂಡು ಕೂತಿದ್ದಕ್ಕೆ ಬ್ರೆಜಿಲ್ ದೇಶವೇ ಹೊಣೆ ಎಂದಿತು. 2006ರಲ್ಲಿ ಬಂದ ಕಾನೂನನ್ನು ಜನ ಅವರ ಹೆಸರಿನಿಂದಲೇ ಕರೆಯುತ್ತಾರೆ. ಅದರೊಳಗೆ ಗಂಟೆಗಳ ಲೆಕ್ಕವಿದೆ. ಮಹಿಳೆ ರಕ್ಷಣೆ ಕೇಳಿದರೆ ಪೊಲೀಸರು 48 ಗಂಟೆಯೊಳಗೆ ನ್ಯಾಯಾಧೀಶರಿಗೆ ಕಳಿಸಬೇಕು, ನ್ಯಾಯಾಧೀಶರು 48 ಗಂಟೆಯೊಳಗೆ ತೀರ್ಮಾನಿಸಬೇಕು. ಇಪ್ಪತ್ತು ವರ್ಷ ಕಾದ ಹೆಣ್ಣುಮಗಳ ಹೆಸರಿನ ಕಾನೂನಿನಲ್ಲಿ ಗಂಟೆಯ ಗಡುವು ಇರುವುದು ನನಗೆ ತುಂಬಾ ಅರ್ಥಪೂರ್ಣ ಅನಿಸುತ್ತದೆ.

ಶಿಕ್ಷೆ ಬರೆದ ಮಾತ್ರಕ್ಕೆ ಎಲ್ಲ ಸರಿಹೋಗುವುದೂ ಇಲ್ಲ. ನೇಪಾಳದ ಪಶ್ಚಿಮ ಭಾಗದಲ್ಲಿ ಮುಟ್ಟಾದ ಹೆಂಗಸರನ್ನು ಮನೆಯಿಂದ ಹೊರಗೆ ಗುಡಿಸಲಿನಲ್ಲಿ ಇಡುವ ಛೌಪಡಿ ಪದ್ಧತಿ ಇದೆ. ಚಳಿಗೆ ಹಾಕಿಕೊಂಡ ಬೆಂಕಿಯ ಹೊಗೆಗೆ, ಹಾವಿನ ಕಡಿತಕ್ಕೆ ಸತ್ತವರಿದ್ದಾರೆ. 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನು ನಿಷೇಧಿಸಿತು. 2018ರಲ್ಲಿ ಜಾರಿಗೆ ಬಂದ ದಂಡ ಸಂಹಿತೆ, ಹಾಗೆ ಮಾಡಿಸಿದವರಿಗೆ ಮೂರು ತಿಂಗಳವರೆಗೆ ಜೈಲು, 3,000 ನೇಪಾಳಿ ರೂಪಾಯಿವರೆಗೆ ದಂಡ ಅಥವಾ ಎರಡೂ ಎಂದಿತು. ಗುಡಿಸಲುಗಳನ್ನು ಕೆಡವಿದರು. ಎಷ್ಟೋ ಕಡೆ ಮತ್ತೆ ಕಟ್ಟಿಕೊಂಡರು. ದೂರು ಕೊಡಬೇಕಾದ ಹುಡುಗಿಯ ಎದುರಿಗೆ ಇರುವವರು ಅವಳ ಅಮ್ಮ, ಅತ್ತೆ, ಅಜ್ಜಿ. ಅವರನ್ನು ಜೈಲಿಗೆ ಹಾಕಿಸಲು ಯಾವ ಮಗಳು ಹೋಗುತ್ತಾಳೆ? ಸೀಡಾದ 5ನೇ ವಿಧಿ ಹೇಳುವುದು ಶಿಕ್ಷೆಯ ಬಗ್ಗೆ ಅಲ್ಲ. ರೂಢಿ, ನಂಬಿಕೆಗಳನ್ನು ಬದಲಾಯಿಸಲು ಸರ್ಕಾರ ಕೆಲಸ ಮಾಡಬೇಕು ಎನ್ನುತ್ತದೆ. ಅದಕ್ಕೆ ಶಾಲೆ ಬೇಕು, ಆರೋಗ್ಯ ಕಾರ್ಯಕರ್ತೆ ಬೇಕು, ವರ್ಷಗಟ್ಟಲೆ ತಾಳ್ಮೆ ಬೇಕು. ದಂಡ ಸಂಹಿತೆಗೆ ಒಂದು ಕಲಂ ಸೇರಿಸುವುದು ಅದಕ್ಕಿಂತ ಸುಲಭ.

ಕೊಟ್ಟ ಮಾತು ಹಿಂದಕ್ಕೂ ಹೋಗಬಹುದು. ಮಹಿಳೆಯರ ಮೇಲಿನ ಹಿಂಸೆ ತಡೆಯಲು ಮಾಡಿದ ಯುರೋಪಿನ ಇಸ್ತಾನ್‌ಬುಲ್ ಒಪ್ಪಂದವನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಟರ್ಕಿ. 2021ರಲ್ಲಿ ಅಧ್ಯಕ್ಷರ ಒಂದು ಆದೇಶದಿಂದ ಹೊರಬಂತು. ಆದರೆ ಒಪ್ಪಂದದ ಬೆನ್ನಿಗೆ 2012ರಲ್ಲಿ ಸಂಸತ್ತು ಮಾಡಿದ್ದ ರಕ್ಷಣಾ ಕಾನೂನು ಪುಸ್ತಕದಲ್ಲಿ ಉಳಿಯಿತು. ಅಲ್ಲಿನ ಮಹಿಳಾ ಸಂಘಟನೆಗಳು ಈಗ ಅದನ್ನೇ ಹಿಡಿದು ನಿಂತಿವೆ.

ಇನ್ನು ಸರ್ಕಾರಗಳನ್ನು ಕೇಳುವವರು ಯಾರು? ಸೀಡಾಕ್ಕೆ 23 ತಜ್ಞರ ಸಮಿತಿ ಇದೆ. ನಾಲ್ಕು ವರ್ಷಕ್ಕೊಮ್ಮೆ ದೇಶಗಳು ವರದಿ ಒಪ್ಪಿಸಬೇಕು. ಮಹಿಳಾ ಸಂಘಟನೆಗಳು ತಮ್ಮದೇ ಪರ್ಯಾಯ ವರದಿ ಕೊಡುತ್ತವೆ. ಸರ್ಕಾರ ಬರೆಯದೆ ಬಿಟ್ಟಿದ್ದು ಅಲ್ಲಿ ಹೊರಗೆ ಬರುತ್ತದೆ. ಸಮಿತಿ ಹೇಳಿದ್ದನ್ನೆಲ್ಲ ದೇಶಗಳು ಕೇಳುತ್ತವೆ ಅಂತಲ್ಲ. ಗಂಡನೇ ಎಸಗುವ ಅತ್ಯಾಚಾರಕ್ಕೆ ಕಾನೂನಿನಲ್ಲಿರುವ ವಿನಾಯಿತಿ ತೆಗೆಯಿರಿ ಎಂದು ಸಮಿತಿ 2014ರಲ್ಲಿ ಭಾರತಕ್ಕೆ ಹೇಳಿತು. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಂನಲ್ಲಿ ಆ ವಿನಾಯಿತಿ ಹಾಗೇ ಇದೆ. ನೇಪಾಳದ ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ 2002ರಲ್ಲೇ ಹೆಂಡತಿಯ ಪರ ಮಾತಾಡಿತ್ತು.

ವರದಿಯ ದಾರಿಯಲ್ಲದೆ ಇನ್ನೊಂದು ದಾರಿಯೂ ಇದೆ. 1999ರಲ್ಲಿ ಸೀಡಾಕ್ಕೆ ಒಂದು ಐಚ್ಛಿಕ ಪೂರಕ ಒಪ್ಪಂದ ಸೇರಿಸಿದರು. ಇದಕ್ಕೆ ಸೇರಿದ ದೇಶದ ಯಾವುದೇ ಮಹಿಳೆ, ತನ್ನ ದೇಶದ ಕೋರ್ಟುಗಳಲ್ಲಿ ನ್ಯಾಯ ಸಿಗದಿದ್ದರೆ, ನೇರವಾಗಿ ಆ ಸಮಿತಿಗೆ ದೂರು ಬರೆಯಬಹುದು. ಭಾರತ ಇನ್ನೂ ಇದಕ್ಕೆ ಸೇರಿಲ್ಲ. ಸ್ಪೇನ್ ಸೇರಿದೆ.

ಸ್ಪೇನ್‌ನ ಆಂಜೆಲಾ ಗೊನ್ಸಾಲೆಸ್ ಕರೇನ್ಯೊ ಗಂಡನ ಹಿಂಸೆ ತಾಳಲಾರದೆ ಮಗಳು ಆಂಡ್ರಿಯಾಳನ್ನು ಕರೆದುಕೊಂಡು ಮನೆ ಬಿಟ್ಟರು. ಅವನ ಬೆದರಿಕೆಗಳ ಬಗ್ಗೆ ಮೂವತ್ತಕ್ಕೂ ಜಾಸ್ತಿ ದೂರು ಕೊಟ್ಟರು. ಮಗಳನ್ನು ಅವನ ಜೊತೆ ಒಬ್ಬಳನ್ನೇ ಕಳಿಸಬೇಡಿ, ಯಾರಾದರೂ ಜೊತೆಗಿರಲಿ ಎಂದು ಕೇಳಿಕೊಂಡರು. ಅಪ್ಪನಿಗೆ ಮಗಳನ್ನು ನೋಡುವ ಹಕ್ಕಿದೆ ಎಂದು ಕೋರ್ಟು ಯಾರ ಮೇಲ್ವಿಚಾರಣೆಯೂ ಇಲ್ಲದೆ ಕಳಿಸಲು ಹೇಳಿತು. 2003ರ ಏಪ್ರಿಲ್‌ನಲ್ಲಿ ಅಂಥ ಒಂದು ಭೇಟಿಯಲ್ಲಿ ಅವನು ಮಗಳನ್ನು ಕೊಂದು ತಾನೂ ಸತ್ತ. ಆಂಡ್ರಿಯಾಳಿಗೆ ಏಳು ವರ್ಷ.

ಸರ್ಕಾರದ ತಪ್ಪಿಗೆ ಹೊಣೆ ಕೇಳಿ ಆಂಜೆಲಾ ಹತ್ತಿದ ಕೋರ್ಟುಗಳೆಲ್ಲ ಇಲ್ಲ ಎಂದವು. ಕೊನೆಗೆ ಸೀಡಾ ಸಮಿತಿಗೆ ಬರೆದರು. 2014ರಲ್ಲಿ ಸಮಿತಿ ಅವರ ಪರ ಹೇಳಿತು: ತಾಯಿಯನ್ನೂ ಮಗಳನ್ನೂ ಕಾಪಾಡುವ ಹೊಣೆಯಲ್ಲಿ ಸ್ಪೇನ್ ಸೋತಿದೆ, ಪರಿಹಾರ ಕೊಡಬೇಕು. ಸರ್ಕಾರ ಕೊಡಲಿಲ್ಲ. ಆಕೆ ಮತ್ತೆ ದೇಶದ ಕೋರ್ಟಿಗೇ ಹೋದರು. 2018ರ ಜುಲೈನಲ್ಲಿ ಸ್ಪೇನ್‌ನ ಸುಪ್ರೀಂ ಕೋರ್ಟ್, ಒಪ್ಪಂದ ನಮ್ಮ ಕಾನೂನಿನ ಭಾಗ, ಆ ಸಮಿತಿಯ ಮಾತಿಗೆ ಸರ್ಕಾರ ಬದ್ಧ ಎಂದು ಹೇಳಿತು. 6 ಲಕ್ಷ ಯೂರೋ ಕೊಡಲು ಆದೇಶಿಸಿತು. ಅಲ್ಲಿ ಒಪ್ಪಂದ ಅನುಮೋದನೆಯಾದ ಕೂಡಲೇ ದೇಶದ ಕಾನೂನು. ಹಾಗಿದ್ದೂ ಅದು ಒಬ್ಬ ತಾಯಿಯ ತನಕ ತಲುಪಲು ಹದಿನೈದು ವರ್ಷ ಬೇಕಾಯಿತು.

2021ರಲ್ಲಿ ಸ್ಪೇನ್ ತನ್ನ ಸಿವಿಲ್ ಕೋಡ್‌ನ 94ನೇ ಕಲಂ ತಿದ್ದಿತು. ಸಂಗಾತಿಯ ಮೇಲೆ ಹಿಂಸೆ ಮಾಡಿದ ಆರೋಪದಲ್ಲಿ ಕ್ರಿಮಿನಲ್ ಕೇಸು ಎದುರಿಸುತ್ತಿರುವ ತಂದೆ ಅಥವಾ ತಾಯಿಗೆ ಮಗುವನ್ನು ಭೇಟಿ ಮಾಡುವ ಅವಕಾಶ ಕೊಡುವ ಹಾಗಿಲ್ಲ, ಕೊಟ್ಟಿದ್ದರೆ ತಡೆಹಿಡಿಯಬೇಕು. ಬೇರೆ ತೀರ್ಮಾನ ಮಾಡಬೇಕೆಂದರೆ ನ್ಯಾಯಾಧೀಶರು ಮಗುವಿನ ಹಿತಕ್ಕೆ ಅದು ಯಾಕೆ ಬೇಕು ಎಂದು ಕಾರಣ ಬರೆಯಬೇಕು. ಆಂಡ್ರಿಯಾ ಬದುಕಿದ್ದಿದ್ದರೆ ಆ ವರ್ಷ ಅವಳಿಗೆ 25 ತುಂಬುತ್ತಿತ್ತು.